ಡಿಡಕ್ಟಿಬಲ್: ವಿಮೆಯಲ್ಲಿ ಜಾಸ್ತಿ ಇದ್ದರೆ ಹೊರೆ, ತೆರಿಗೆಯಲ್ಲಿ ಜಾಸ್ತಿ ಇದ್ದರೆ ಲಾಭ. ಹೇಗೆ?

ಹೊಸಬೇರು:

ನಮಸ್ಕಾರ. ಆರೋಗ್ಯ ವಿಮೆ ತೆಗೆದುಕೊಳ್ಳಬೇಕು ಅಂತ ಎರಡು ಪಾಲಿಸಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದೇನೆ. ಒಂದರಲ್ಲಿ ಡಿಡಕ್ಟಿಬಲ್ 10,000. ಇನ್ನೊಂದರಲ್ಲಿ 50,000. ಎರಡನೆಯದರ ಪ್ರೀಮಿಯಂ ವರ್ಷಕ್ಕೆ 6,000 ಕಡಿಮೆ. ಉಳಿದ ಷರತ್ತುಗಳೆಲ್ಲ ಒಂದೇ ಥರ ಇವೆ.

ಅದೇ ಕಾಗದದಲ್ಲಿ ಕೆಳಗೆ "ಈ ಪ್ರೀಮಿಯಂ ತೆರಿಗೆಗೆ ಡಿಡಕ್ಟಿಬಲ್" ಅಂತಲೂ ಇದೆ. ಮೇಲೆ ಓದಿದರೆ ಡಿಡಕ್ಟಿಬಲ್ ಕಡಿಮೆ ಇದ್ದಷ್ಟೂ ನನಗೆ ಒಳ್ಳೆಯದು ಅನ್ನಿಸುತ್ತದೆ. ಕೆಳಗೆ ಓದಿದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಎರಡೂ ಒಂದೇನಾ, ಬೇರೆ ಬೇರೆನಾ? ನನ್ನ ಆಯ್ಕೆಗೆ ಎರಡನೆಯದೂ ಲೆಕ್ಕಕ್ಕೆ ಬರುತ್ತದಾ? ತಿಳಿದವರು ಸ್ವಲ್ಪ ನಿಧಾನವಾಗಿ ವಿವರಿಸಿ.

ಲೆಕ್ಕದಕಡತ:

ಒಳ್ಳೆಯ ಪ್ರಶ್ನೆ. ಎರಡರಲ್ಲೂ ನಡೆಯುವ ಕೆಲಸ ಒಂದೇ: ಒಂದು ಮೊತ್ತವನ್ನು ಕಳೆಯುವುದು. ಯಾವುದರಿಂದ ಕಳೆಯುತ್ತಾರೆ ಅನ್ನುವುದು ಮಾತ್ರ ಬೇರೆ. ಅದನ್ನು ಹಿಡಿದುಕೊಂಡರೆ ಗೊಂದಲ ಇರುವುದಿಲ್ಲ.

ವಿಮೆಯಲ್ಲಿ ಕಂಪನಿ ಕೊಡಬೇಕಾದ ಹಣದಿಂದ ಕಳೆಯುತ್ತಾರೆ. ಡಿಡಕ್ಟಿಬಲ್ 10,000 ಅಂದರೆ ನಷ್ಟದ ಮೊದಲ 10,000 ನಿಮ್ಮದು. ಬಿಲ್ 8,000 ಬಂದರೆ ಪೂರ್ತಿ ನೀವೇ ಕಟ್ಟಬೇಕು, ಕಂಪನಿ ಏನೂ ಕೊಡುವುದಿಲ್ಲ. ಬಿಲ್ 60,000 ಬಂದರೆ ನೀವು 10,000, ಕಂಪನಿ 50,000.

ತೆರಿಗೆಯಲ್ಲಿ ನಿಮ್ಮ ಆದಾಯದಿಂದ ಕಳೆಯುತ್ತಾರೆ. ಆದಾಯ 8 ಲಕ್ಷ, ಕಳೆಯಲು ಒಪ್ಪಿಗೆ ಇರುವ ಖರ್ಚು 1 ಲಕ್ಷ ಅಂತಿಟ್ಟುಕೊಳ್ಳಿ. ಆಗ ತೆರಿಗೆ ಹಾಕುವುದು 7 ಲಕ್ಷದ ಮೇಲೆ. ಆ 1 ಲಕ್ಷಕ್ಕೆ ಡಿಡಕ್ಷನ್ ಅನ್ನುತ್ತಾರೆ. ಹಾಗೆ ಕಳೆಯಬಹುದಾದ ಖರ್ಚಿಗೆ ಡಿಡಕ್ಟಿಬಲ್ ಖರ್ಚು ಅನ್ನುತ್ತಾರೆ.

ಒಂದು ಕಡೆ ನಿಮಗೆ ಬರಬೇಕಾದದ್ದು ಕಮ್ಮಿಯಾಗುತ್ತದೆ, ಇನ್ನೊಂದು ಕಡೆ ನೀವು ಕೊಡಬೇಕಾದದ್ದು ಕಮ್ಮಿಯಾಗುತ್ತದೆ. ಅದಕ್ಕೇ ನಿಮಗೆ ಎರಡೂ ಎದುರುಬದುರಾಗಿ ಕಂಡದ್ದು.

ಕಂದಾಯಚೀಟಿ:

ತೆರಿಗೆಯ ಭಾಗಕ್ಕೆ ಸ್ವಲ್ಪ ಸೇರಿಸುತ್ತೇನೆ. ಇಲ್ಲಿ ತುಂಬಾ ಜನ ಎಡವುತ್ತಾರೆ.

1 ಲಕ್ಷ ಡಿಡಕ್ಷನ್ ಸಿಕ್ಕಿತು ಅಂದರೆ 1 ಲಕ್ಷ ಉಳಿಯಿತು ಅಂತಲ್ಲ. ಆ 1 ಲಕ್ಷದ ಮೇಲೆ ಬೀಳಬೇಕಿದ್ದ ತೆರಿಗೆ ಮಾತ್ರ ಉಳಿಯುತ್ತದೆ. ನಿಮ್ಮ ಆದಾಯದ ಮೇಲ್ತುದಿ 20% ಸ್ಲ್ಯಾಬಿನಲ್ಲಿದ್ದರೆ, ಅಂದರೆ 20% ದರದ ತೆರಿಗೆ ಹಂತದಲ್ಲಿದ್ದರೆ, 20,000 ಉಳಿಯಿತು. 30% ಸ್ಲ್ಯಾಬಿನಲ್ಲಿದ್ದರೆ 30,000. ತೆರಿಗೆಯೇ ಬಾರದಷ್ಟು ಆದಾಯ ಇದ್ದರೆ ಉಳಿತಾಯ ಸೊನ್ನೆ.

ಕೆಲವೊಮ್ಮೆ ಒಂದೇ ಡಿಡಕ್ಷನ್ ಎರಡು ಸ್ಲ್ಯಾಬುಗಳ ಮೇಲೆ ಹರಡುತ್ತದೆ. 10 ಲಕ್ಷದವರೆಗೆ 20%, ಅದರ ಮೇಲೆ 30% ಇದೆ ಅಂತಿಟ್ಟುಕೊಳ್ಳಿ. ನಿಮ್ಮ ಆದಾಯ 10,50,000. ಡಿಡಕ್ಷನ್ 1 ಲಕ್ಷ. ಮೇಲಿನ 50,000ಕ್ಕೆ 30% ಲೆಕ್ಕದಲ್ಲಿ 15,000 ಉಳಿಯುತ್ತದೆ. ಕೆಳಗಿನ 50,000ಕ್ಕೆ 20% ಲೆಕ್ಕದಲ್ಲಿ 10,000. ಒಟ್ಟು 25,000.

ಹಾಗಾಗಿ "ತೆರಿಗೆ ಉಳಿಯುತ್ತದೆ" ಅಂತ ಬೇಡದ ವಸ್ತುವಿಗೆ ಖರ್ಚು ಮಾಡಬೇಡಿ. 100 ಖರ್ಚು ಮಾಡಿ 30 ಉಳಿಸಿದರೆ 70 ಹೋಗಿಯೇ ಹೋಗುತ್ತದೆ. ಆ ಖರ್ಚು ಹೇಗಿದ್ದರೂ ಬೇಕಾಗಿದ್ದರೆ ಮಾತ್ರ ಆ 30 ನಿಜವಾದ ಉಳಿತಾಯ.

ಇನ್ನೊಂದು, ಟ್ಯಾಕ್ಸ್ ಕ್ರೆಡಿಟ್ ಮತ್ತು ರಿಬೇಟ್ ಬೇರೆ. ಅವನ್ನು ಆದಾಯದಿಂದಲ್ಲ, ತೆರಿಗೆಯಿಂದಲೇ ನೇರವಾಗಿ ಕಳೆಯುತ್ತಾರೆ. 10,000 ಕ್ರೆಡಿಟ್ ಅಂದರೆ ತೆರಿಗೆಯಲ್ಲಿ ಪೂರ್ತಿ 10,000 ಕಡಿಮೆ. ಕೆನಡಾ 1988ರಿಂದ ದಾನದ ಮೇಲಿನ ಡಿಡಕ್ಷನ್ ತೆಗೆದು ಕ್ರೆಡಿಟ್ ಮಾಡಿತು. ಡಿಡಕ್ಷನ್ ಇದ್ದಾಗ ಒಂದೇ ಮೊತ್ತ ದಾನ ಮಾಡಿದ ಇಬ್ಬರಲ್ಲಿ ಮೇಲಿನ ಸ್ಲ್ಯಾಬಿನವರಿಗೆ ಜಾಸ್ತಿ ಉಳಿಯುತ್ತದೆ. ಕ್ರೆಡಿಟ್ ಆದಾಗ ಉಳಿತಾಯ ಸ್ಲ್ಯಾಬನ್ನು ನೋಡುವುದಿಲ್ಲ. ನನಗೆ ಕ್ರೆಡಿಟ್ಟೇ ನ್ಯಾಯ ಅನ್ನಿಸುತ್ತದೆ, ಆದರೆ ಅದು ಬೇರೆ ಚರ್ಚೆ.

ಮಳೆನೀರು:

ಹಾಗಾದರೆ ಸಂಬಳದಿಂದ ಪ್ರತಿ ತಿಂಗಳು ಹಿಡಿಯುವ ಟಿಡಿಎಸ್? ಅದೂ ಡಿಡಕ್ಷನ್ ಅಂತಲೇ ಪೇ ಸ್ಲಿಪ್ಪಿನಲ್ಲಿ ಇರುತ್ತದೆ ಅಲ್ವಾ?

ಕಂದಾಯಚೀಟಿ:

ಅದು ತೆರಿಗೆಯನ್ನು ಮುಂಚೆಯೇ ಹಿಡಿದುಕೊಳ್ಳುವುದು ಅಷ್ಟೇ. ನಿಮ್ಮ ಆದಾಯ ಅದರಿಂದ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ವರ್ಷದ ಕೊನೆಗೆ ಒಟ್ಟು ತೆರಿಗೆ ಎಷ್ಟು ಅಂತ ಲೆಕ್ಕ ಹಾಕಿ, ಆಗಲೇ ಹಿಡಿದದ್ದನ್ನು ಕಳೆದು, ಉಳಿದದ್ದನ್ನು ಕಟ್ಟುತ್ತೀರಿ. ಜಾಸ್ತಿ ಹಿಡಿದಿದ್ದರೆ ವಾಪಸ್ ಬರುತ್ತದೆ. ಪೇ ಸ್ಲಿಪ್ಪಿನ ಡಿಡಕ್ಷನ್ ಕಾಲಂ ನೋಡಿ "ಇಷ್ಟೆಲ್ಲ ತೆರಿಗೆ ವಿನಾಯಿತಿ ಇದೆ" ಅಂತ ತಿಳಿಯಬೇಡಿ. ಇಲ್ಲೂ ಅದೇ ಪ್ರಶ್ನೆ ಕೇಳಿ: ಯಾವುದರಿಂದ ಕಳೆದರು? ಟಿಡಿಎಸ್ ಕಳೆದದ್ದು ಕೈಗೆ ಬರುವ ಸಂಬಳದಿಂದ.

ಮಳೆನೀರು:

ಅರ್ಥ ಆಯಿತು. ಆದರೆ ವಿಮೆಯ ವಿಷಯದಲ್ಲಿ ನನಗೆ ಒಂದು ಬೇಸರ ಇದೆ. ಪ್ರೀಮಿಯಂ ನಾನೇ ಕಟ್ಟುತ್ತೇನೆ. ನಷ್ಟ ಆದಾಗ ಮೊದಲ ಭಾಗವೂ ನನ್ನದೇ. ಇದು ಕಂಪನಿ ತನ್ನ ಜವಾಬ್ದಾರಿ ತಪ್ಪಿಸಿಕೊಳ್ಳುವ ದಾರಿ ಅಲ್ವಾ?

ಸರಕುಹಡಗು:

ನಾನು ಸರಕು ವಿಮೆಯ ಕೆಲಸದಲ್ಲಿದ್ದೇನೆ. ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ಇದು ಇವತ್ತಿನ ಕಂಪನಿಗಳು ಹುಡುಕಿದ ಉಪಾಯ ಅಲ್ಲ.

ಹಡಗಿನ ವಿಮೆಯಲ್ಲಿ ಈ ಪದ್ಧತಿ 18ನೇ ಶತಮಾನದಲ್ಲೇ ಇತ್ತು. ಲಂಡನ್ನಿನ ಲಾಯ್ಡ್ಸ್ ಅನ್ನುವ ವಿಮಾ ಮಾರುಕಟ್ಟೆಯ ಪಾಲಿಸಿಗೆ 1749ರಲ್ಲಿ ಒಂದು ಟಿಪ್ಪಣಿ ಸೇರಿತು. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆಯ ಅನುಬಂಧದಲ್ಲೂ ಅದು ಹಾಗೇ ಉಳಿಯಿತು. ಅದರ ಪ್ರಕಾರ ಧಾನ್ಯ, ಮೀನು, ಉಪ್ಪು, ಹಣ್ಣು, ಹಿಟ್ಟು, ಬೀಜ ಇವುಗಳ ಭಾಗಶಃ ನಷ್ಟಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಸಕ್ಕರೆ, ತಂಬಾಕು, ಸೆಣಬು, ಚರ್ಮ ಇವಕ್ಕೆ 5%ಗಿಂತ ಕಡಿಮೆ ನಷ್ಟವಾದರೆ ಹಣವಿಲ್ಲ. ಉಳಿದ ಸರಕಿಗೆ ಆ ಗಡಿ 3%. ಹಡಗು ನೆಲಕ್ಕೆ ತಗುಲಿ ಸಿಕ್ಕಿಕೊಂಡರೆ ಈ ಮಿತಿಗಳು ಅನ್ವಯಿಸುವುದಿಲ್ಲ.

ಯಾಕೆ ಹೀಗೆ? ತಿಂಗಳುಗಟ್ಟಲೆ ಸಮುದ್ರದ ಮೇಲೆ ಹೋಗುವ ಧಾನ್ಯದಲ್ಲಿ ಸ್ವಲ್ಪ ನೆನೆಯುವುದು, ಸ್ವಲ್ಪ ಕೆಡುವುದು ಖಂಡಿತ. ಖಂಡಿತ ಆಗುವ ನಷ್ಟಕ್ಕೆ ವಿಮೆ ಮಾಡಿಸಿದರೆ ಆ ನಷ್ಟದ ಹಣವನ್ನೇ ಪ್ರೀಮಿಯಂ ಆಗಿ ಕಟ್ಟುತ್ತೀರಿ. ಅದರ ಮೇಲೆ ಕಚೇರಿ ಖರ್ಚು, ಸರ್ವೇಯರ್ ಖರ್ಚು ಸೇರಿಸಿ ಕಟ್ಟುತ್ತೀರಿ. 2,000ದ ಕ್ಲೇಮ್ ಪರಿಶೀಲಿಸುವುದಕ್ಕೂ ಜನ ಬೇಕು, ಕಾಗದ ಬೇಕು. ಆ ಖರ್ಚು ಎಲ್ಲಿಂದಲೋ ಬರುವುದಿಲ್ಲ, ಎಲ್ಲರ ಪ್ರೀಮಿಯಮ್ಮಿನಿಂದ ಬರುತ್ತದೆ.

ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ವೈದ್ಯಕೀಯ ವಿಮೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಗಣಿತದಿಂದ ತೋರಿಸಿದರು. ಕಂಪನಿ ತನ್ನ ಖರ್ಚನ್ನು ಪ್ರೀಮಿಯಮ್ಮಿಗೆ ಸೇರಿಸುವಾಗ, ಅಪಾಯಕ್ಕೆ ಹೆದರುವ ಗ್ರಾಹಕನಿಗೆ ಅದೇ ಪ್ರೀಮಿಯಮ್ಮಿನಲ್ಲಿ ಅತ್ಯುತ್ತಮ ಪಾಲಿಸಿ ಯಾವುದು? ಒಂದು ಡಿಡಕ್ಟಿಬಲ್ ಇಟ್ಟು, ಅದರ ಮೇಲಿನದ್ದನ್ನೆಲ್ಲ ಪೂರ್ತಿ ಕೊಡುವ ಪಾಲಿಸಿ. ಅಂದರೆ ಸಣ್ಣ ನಷ್ಟ ನೀವು ಹೊರಿ, ದೊಡ್ಡ ನಷ್ಟವನ್ನು ಪೂರ್ತಿ ಕಂಪನಿಗೆ ಬಿಡಿ. ನನ್ನ ಅನುಭವವೂ ಅದೇ ಹೇಳುತ್ತದೆ. ಜನ ಸಣ್ಣ ಕ್ಲೇಮ್ ಸಿಗಲಿಲ್ಲ ಅಂತ ಕೊರಗುತ್ತಾರೆ, ಆದರೆ ದೊಡ್ಡ ನಷ್ಟಕ್ಕೆ ವಿಮಾ ಮೊತ್ತ ಸಾಕಾಗುತ್ತದಾ ಅಂತ ನೋಡುವುದೇ ಇಲ್ಲ. ಮನೆ ಮುಳುಗಿಸುವುದು ಈ ಎರಡನೆಯದು.

ಅಂದ ಹಾಗೆ, ಆ ಹಳೆಯ 3% ನಿಯಮ ಇವತ್ತಿನ ಡಿಡಕ್ಟಿಬಲ್ ಥರ ಪೂರ್ತಿ ಅಲ್ಲ. ನಷ್ಟ 3% ಮುಟ್ಟಿದರೆ ಮೊದಲಿಂದ ಪೂರ್ತಿ ಕೊಡುತ್ತಿದ್ದರು. ಇದಕ್ಕೆ ಫ್ರಾಂಚೈಸ್ ಅನ್ನುತ್ತಾರೆ. ಇದರ ತೊಂದರೆ ಊಹಿಸಬಹುದು. ನಷ್ಟ 2.9% ಆದವನಿಗೆ ಸೊನ್ನೆ, 3% ಆದವನಿಗೆ ಪೂರ್ತಿ. ನಷ್ಟವನ್ನು ಸ್ವಲ್ಪ ಹಿಗ್ಗಿಸಿ ತೋರಿಸುವ ಆಸೆ ಯಾರಿಗಾದರೂ ಬರುತ್ತದೆ. ಈಗಿನ ಡಿಡಕ್ಟಿಬಲ್‌ನಲ್ಲಿ ಆ ಜಿಗಿತ ಇಲ್ಲ.

ನೀಲಿಶಾಯಿ:

ಸರಕಿನ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಕಾಯಿಲೆಗೆ ಅದೇ ತರ್ಕವನ್ನು ಹಾಗೇ ತಂದು ಹಾಕಬೇಡಿ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಮೊದಲ ಖರ್ಚು ತಮ್ಮದು ಅಂತ ಗೊತ್ತಿರುವವರು ತಡವಾಗಿ ಬರುತ್ತಾರೆ. ಕಾಯಿಲೆ ಸಣ್ಣದಾಗಿದ್ದಾಗ ಬರಬೇಕಿದ್ದವರು ದೊಡ್ಡದಾದ ಮೇಲೆ ಬರುತ್ತಾರೆ.

ಇದರ ಬಗ್ಗೆ ಅಮೆರಿಕದಲ್ಲಿ ದೊಡ್ಡ ಪ್ರಯೋಗವೇ ನಡೆದಿದೆ. ರ್‍ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಶುರು ಮಾಡಿ 1982ರವರೆಗೆ ನಡೆಸಿತು. ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಬೇರೆ ಬೇರೆ ಯೋಜನೆಗಳಿಗೆ ಹಂಚಿದರು. ಕೆಲವರಿಗೆ ಎಲ್ಲವೂ ಉಚಿತ, ಕೆಲವರು ಒಂದು ಮಿತಿಯವರೆಗೆ ಖರ್ಚಿನ 95% ತಾವೇ ಕೊಡಬೇಕು. ಕೈಯಿಂದ ಕೊಡಬೇಕಾದವರು ಗಣನೀಯವಾಗಿ ಕಡಿಮೆ ಖರ್ಚು ಮಾಡಿದರು. ಇದನ್ನು ವಿಮಾ ಕಂಪನಿಯವರು ಯಾವಾಗಲೂ ಹೇಳುತ್ತಾರೆ. ಅವರು ಹೇಳದ ಭಾಗ ಇದು: ಜನ ಬೇಡದ ಚಿಕಿತ್ಸೆಯನ್ನು ಮಾತ್ರ ಬಿಡಲಿಲ್ಲ. ಬೇಕಾದ ಚಿಕಿತ್ಸೆಯನ್ನೂ ಹೆಚ್ಚುಕಡಿಮೆ ಅಷ್ಟೇ ಬಿಟ್ಟರು. ಸರಾಸರಿ ಜನರ ಆರೋಗ್ಯಕ್ಕೆ ದೊಡ್ಡ ಏಟು ಬೀಳಲಿಲ್ಲ, ನಿಜ. ಆದರೆ ಬಡವರಾಗಿದ್ದು ರಕ್ತದೊತ್ತಡವೂ ಇದ್ದವರಿಗೆ ಉಚಿತ ಯೋಜನೆಯಲ್ಲಿ ಒತ್ತಡ ಚೆನ್ನಾಗಿ ಹತೋಟಿಗೆ ಬಂತು, ಕೈಯಿಂದ ಕೊಡುವ ಯೋಜನೆಗಳಲ್ಲಿ ಅಷ್ಟು ಬರಲಿಲ್ಲ.

ಯಾವ ಚಿಕಿತ್ಸೆ ಮುಂದೂಡಬಹುದು, ಯಾವುದನ್ನು ಮುಂದೂಡಬಾರದು ಅಂತ ರೋಗಿಗೆ ಹೇಗೆ ಗೊತ್ತಾಗಬೇಕು? ಎದೆ ಉರಿ ಬರೀ ಗ್ಯಾಸೋ, ಹೃದಯದ್ದೋ ಅಂತ ತಿಳಿಯಲೆಂದೇ ಅಲ್ವಾ ಡಾಕ್ಟರ ಹತ್ತಿರ ಹೋಗುವುದು?

ಸರಕುಹಡಗು:

ಇದನ್ನು ಒಪ್ಪುತ್ತೇನೆ. ನೆನೆದ ಸಕ್ಕರೆ ಚೀಲ ತಡವಾಗಿ ನೋಡಿದರೆ ಅಷ್ಟೇ ನಷ್ಟ. ಕಾಯಿಲೆ ಹಾಗಲ್ಲ.

ಅದಕ್ಕೇ ಕೆಲವು ದೇಶಗಳು ನಿಯಮದಲ್ಲೇ ದಾರಿ ಬಿಟ್ಟಿವೆ. ನೆದರ್ಲೆಂಡ್ಸಿನಲ್ಲಿ ವಯಸ್ಕರಿಗೆ ವರ್ಷಕ್ಕೆ ಕಡ್ಡಾಯ ಡಿಡಕ್ಟಿಬಲ್ ಇದೆ. 2016ರಿಂದ 2025ರವರೆಗೂ 385 ಯೂರೋ. ಆದರೆ ಕುಟುಂಬ ವೈದ್ಯರನ್ನು ನೋಡುವುದಕ್ಕೆ ಅದು ಅನ್ವಯಿಸುವುದಿಲ್ಲ, 18 ವರ್ಷದೊಳಗಿನವರಿಗೂ ಇಲ್ಲ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆ ಬಂದ ಮೇಲೆ ಹೆಚ್ಚಿನ ಪಾಲಿಸಿಗಳು ಲಸಿಕೆ, ತಪಾಸಣೆಯಂಥ ಮುನ್ನೆಚ್ಚರಿಕೆಯ ಸೇವೆಗಳಿಗೆ ಡಿಡಕ್ಟಿಬಲ್ ಹಾಕುವಂತಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವಯಸ್ಕರು 300 ಫ್ರಾಂಕಿನಿಂದ 2,500 ಫ್ರಾಂಕಿನವರೆಗೆ ತಮ್ಮ ಡಿಡಕ್ಟಿಬಲ್ ತಾವೇ ಆರಿಸಬಹುದು. ಅದು ಮುಗಿದ ಮೇಲೂ 10% ಕೊಡಬೇಕು, ಆದರೆ ಆ 10% ವರ್ಷಕ್ಕೆ 700 ಫ್ರಾಂಕ್ ದಾಟುವುದಿಲ್ಲ.

ಹಾಗಾಗಿ ಹೊಸಬೇರು ಅವರೇ, ಆರೋಗ್ಯ ಪಾಲಿಸಿ ನೋಡುವಾಗ ಡಿಡಕ್ಟಿಬಲ್ ಎಷ್ಟು ಅನ್ನುವುದರ ಜೊತೆಗೆ ಯಾವ ಸೇವೆಗೆ ಅದು ಅನ್ವಯಿಸುವುದಿಲ್ಲ ಅಂತಲೂ ನೋಡಿ.

ಹೊಸಬೇರು:

ಎಲ್ಲರಿಗೂ ಧನ್ಯವಾದ. ಈಗ ಇನ್ನೊಂದು ಗೊಂದಲ. ಈ 50,000 ವರ್ಷಕ್ಕೆ ಒಂದು ಸಲನಾ, ಪ್ರತಿ ಸಲ ಆಸ್ಪತ್ರೆಗೆ ಸೇರಿದಾಗಲೂನಾ? ಪಾಲಿಸಿಯಲ್ಲಿ ಕೋ-ಪೇ 10% ಅಂತಲೂ ಇದೆ. ಅದೂ ಇದೂ ಒಂದೇನಾ?

ಲೆಕ್ಕದಕಡತ:

ಪಾಲಿಸಿಯಲ್ಲಿ ಮೊದಲು ಹುಡುಕಬೇಕಾದ ಸಾಲೇ ಇದು.

ಭಾರತದಲ್ಲಿ ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್ ಅಂತ ಎರಡು ಬಗೆಯ ಆರೋಗ್ಯ ಪಾಲಿಸಿಗಳಿವೆ. ಹೆಸರು ಹತ್ತಿರ, ಕೆಲಸ ದೂರ. ಎರಡಕ್ಕೂ ಡಿಡಕ್ಟಿಬಲ್ 3 ಲಕ್ಷ ಅಂತಿಟ್ಟುಕೊಳ್ಳಿ. ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆಗೆ ಸೇರಬೇಕಾಯಿತು, ಬಿಲ್ 2 ಲಕ್ಷ ಮತ್ತು 2.5 ಲಕ್ಷ. ಸಾಮಾನ್ಯ ಟಾಪ್-ಅಪ್ ಪ್ರತಿ ಕ್ಲೇಮನ್ನು ಬೇರೆಬೇರೆ ನೋಡುತ್ತದೆ. ಎರಡೂ 3 ಲಕ್ಷದೊಳಗೆ ಇವೆ, ಹಾಗಾಗಿ ಕೊಡುವುದು ಸೊನ್ನೆ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸುತ್ತದೆ. ಒಟ್ಟು 4.5 ಲಕ್ಷ, ಅದರಲ್ಲಿ 3 ಲಕ್ಷ ಕಳೆದು 1.5 ಲಕ್ಷ ಕೊಡುತ್ತದೆ. ಪದೇ ಪದೇ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ ಇರುವವರಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು.

ಈ ಪಾಲಿಸಿಗಳಲ್ಲಿ ಆ 3 ಲಕ್ಷವನ್ನು ನಿಮ್ಮ ಕೈಯಿಂದಲೇ ಕೊಡಬೇಕು ಅಂತಿಲ್ಲ. ಇನ್ನೊಂದು ಮೂಲ ಪಾಲಿಸಿ ಇದ್ದರೆ ಅದು ಕೊಡಬಹುದು. ಟಾಪ್-ಅಪ್ ತೆಗೆದುಕೊಳ್ಳುವ ಉದ್ದೇಶವೇ ಅದು.

ಕುಟುಂಬಕ್ಕೆಲ್ಲ ಒಂದೇ ಪಾಲಿಸಿ ಇದ್ದರೆ ಡಿಡಕ್ಟಿಬಲ್ ಒಬ್ಬೊಬ್ಬರಿಗೂ ಬೇರೆನಾ, ಎಲ್ಲರದ್ದೂ ಸೇರಿ ಒಂದೇನಾ ಅಂತಲೂ ನೋಡಿ.

ಕೋ-ಪೇ ಬೇರೆ. ಅದು ಉಳಿದ ಬಿಲ್ಲಿನಲ್ಲಿ ನಿಮ್ಮ ಶೇಕಡಾವಾರು ಪಾಲು, ಬಿಲ್ ದೊಡ್ಡದಾದಷ್ಟೂ ಬೆಳೆಯುತ್ತದೆ. ಡಿಡಕ್ಟಿಬಲ್ ಒಂದು ಕಡೆ ನಿಲ್ಲುತ್ತದೆ. ಎರಡೂ ಇದ್ದಾಗ ಯಾವುದನ್ನು ಮೊದಲು ಕಳೆಯುತ್ತಾರೆ ಅನ್ನುವುದರಿಂದ ಉತ್ತರ ಬದಲಾಗುತ್ತದೆ. ಬಿಲ್ 1,00,000, ಡಿಡಕ್ಟಿಬಲ್ 20,000, ಕೋ-ಪೇ 10% ಅನ್ನಿ. ಡಿಡಕ್ಟಿಬಲ್ ಮೊದಲು ಕಳೆದರೆ 80,000 ಉಳಿಯುತ್ತದೆ, ಅದರ 10% ಅಂದರೆ 8,000 ನಿಮ್ಮದು, ಕಂಪನಿ 72,000 ಕೊಡುತ್ತದೆ. ಕೋ-ಪೇ ಮೊದಲು ಕಳೆದರೆ 90,000 ಉಳಿಯುತ್ತದೆ, ಅದರಲ್ಲಿ 20,000 ಹೋಗಿ ಕಂಪನಿ ಕೊಡುವುದು 70,000.

ಇನ್ನೂ ಒಂದು ಮಾತು. ಡಿಡಕ್ಟಿಬಲ್ ಕಳೆಯುವುದು ಸಾಮಾನ್ಯವಾಗಿ ಕಂಪನಿ ಒಪ್ಪಿದ ಮೊತ್ತದಿಂದ, ನಿಮ್ಮ ಕೈಯಲ್ಲಿರುವ ಪೂರ್ತಿ ಬಿಲ್ಲಿನಿಂದ ಅಲ್ಲ. ಬಿಲ್ 60,000 ಇದ್ದು, ಪಾಲಿಸಿಗೆ ಸೇರದ ಬಾಬ್ತು 5,000 ಇದ್ದರೆ, ಲೆಕ್ಕ 55,000ದಿಂದ ಶುರುವಾಗುತ್ತದೆ. ನನ್ನದೇ ಒಂದು ಕ್ಲೇಮಿನಲ್ಲಿ ಕಂಪನಿ ಈ ಎರಡು ಕಡಿತಗಳನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಬರೆದು ಕಳಿಸಿತ್ತು. ಬಿಡಿಸಿ ಬರೆಯಿರಿ ಅಂತ ಲಿಖಿತವಾಗಿ ಕೇಳಿದ ಮೇಲೆ ಕೊಟ್ಟರು. ನೀವೂ ಕೇಳಿ, ಅದು ನಿಮ್ಮ ಹಕ್ಕು.

ದಾರಿಹೋಕ:

ಕಾರಿನ ವಿಮೆಯಲ್ಲಿ ಕಡ್ಡಾಯ ಡಿಡಕ್ಟಿಬಲ್, ಸ್ವಯಂ ಡಿಡಕ್ಟಿಬಲ್ ಅಂತ ಎರಡು ಇರುತ್ತದಲ್ಲ, ಅದರ ಬಗ್ಗೆಯೂ ಹೇಳಿ.

ಸರಕುಹಡಗು:

ಭಾರತದ ನಿಯಮ ಹೇಳುತ್ತೇನೆ. ಖಾಸಗಿ ಕಾರು 1,500 ಸಿಸಿವರೆಗೆ ಇದ್ದರೆ ಕಡ್ಡಾಯ ಡಿಡಕ್ಟಿಬಲ್ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ ಇದ್ದರೆ 2,000. ದ್ವಿಚಕ್ರ ವಾಹನಕ್ಕೆ 100. ಇದು ಪ್ರತಿ ಕ್ಲೇಮಿಗೂ ಅನ್ವಯಿಸುತ್ತದೆ, ನಿಮ್ಮ ಸ್ವಂತ ವಾಹನದ ಹಾನಿಗೆ ಮಾತ್ರ. ನಿಮ್ಮ ವಾಹನದಿಂದ ಬೇರೆಯವರಿಗೆ ಪೆಟ್ಟಾದರೆ ಅವರ ಪರಿಹಾರದಲ್ಲಿ ಇದನ್ನು ಕಳೆಯುವುದಿಲ್ಲ. ಸ್ವಯಂ ಡಿಡಕ್ಟಿಬಲ್ ನೀವಾಗಿ ಒಪ್ಪಿಕೊಳ್ಳುವುದು, ಅದಕ್ಕೆ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ಸಿಗುತ್ತದೆ.

ಇಲ್ಲಿ ನೋ ಕ್ಲೇಮ್ ಬೋನಸ್ ಕೂಡ ಕಣ್ಣಿಗೆ ಕಾಣದ ಡಿಡಕ್ಟಿಬಲ್ ಥರ ಕೆಲಸ ಮಾಡುತ್ತದೆ. ಅದು ಸ್ವಂತ ಹಾನಿಯ ಪ್ರೀಮಿಯಮ್ಮಿನ ಮೇಲಿನ ರಿಯಾಯಿತಿ: ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಐದನೇ ವರ್ಷಕ್ಕೆ 50%. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 12,000 ಇದ್ದು, 50% ಬೋನಸ್ಸಿನಿಂದ ನೀವು 6,000 ಕಟ್ಟುತ್ತಿದ್ದೀರಿ ಅನ್ನಿ. ಬಂಪರ್ ರಿಪೇರಿ 4,500 ಆಯಿತು. 1,000 ಕಳೆದು ಜಾಸ್ತಿ ಅಂದರೆ 3,500 ಸಿಗುತ್ತದೆ. ಮುಂದಿನ ವರ್ಷ 6,000 ಜಾಸ್ತಿ ಕಟ್ಟಬೇಕು. ಬೋನಸ್ ಕಾಪಾಡುವ ಆಡ್-ಆನ್ (ಪಾಲಿಸಿಗೆ ಬೇರೆಯಾಗಿ ಸೇರಿಸುವ ರಕ್ಷಣೆ) ಇಲ್ಲದಿದ್ದರೆ ಇಂಥ ಕ್ಲೇಮ್ ಸುಮ್ನೆ ನಷ್ಟ.

ಕಾರಿನಾಚೆ ಎರಡು ವಿಷಯ ಬೇಗ ಹೇಳಿಬಿಡುತ್ತೇನೆ. ಭೂಕಂಪ, ಚಂಡಮಾರುತದ ವಿಮೆಯಲ್ಲಿ ಡಿಡಕ್ಟಿಬಲ್ ಶೇಕಡಾವಾರು ಇರುವುದುಂಟು. ಅದು ಹೆಚ್ಚಾಗಿ ವಿಮಾ ಮೊತ್ತದ ಶೇಕಡಾ, ನಷ್ಟದ ಶೇಕಡಾ ಅಲ್ಲ. ವಿಮಾ ಮೊತ್ತ 50 ಲಕ್ಷ, ಡಿಡಕ್ಟಿಬಲ್ 10% ಅಂದರೆ ಮೊದಲ 5 ಲಕ್ಷ ನಿಮ್ಮದು. 4 ಲಕ್ಷದ ಹಾನಿಗೆ ಏನೂ ಬರುವುದಿಲ್ಲ. 10% ಅಂತ ಓದಿ 40,000 ಅಂದುಕೊಂಡವರಿಗೆ ಇದು ದೊಡ್ಡ ಆಘಾತ. ಎರಡನೆಯದು, ಡಿಡಕ್ಟಿಬಲ್ ಹಣದಲ್ಲೇ ಇರಬೇಕು ಅಂತಿಲ್ಲ, ಸಮಯದಲ್ಲೂ ಇರಬಹುದು. ವ್ಯಾಪಾರ ನಿಂತ ನಷ್ಟಕ್ಕೆ ಮೊದಲ ಕೆಲವು ಗಂಟೆ ಅಥವಾ ದಿನ ಲೆಕ್ಕಕ್ಕಿಲ್ಲ. ದುಡಿಯಲಾಗದೆ ಹೋದಾಗ ಆದಾಯ ಕೊಡುವ ಪಾಲಿಸಿಗಳಲ್ಲೂ ಹಾಗೇ.

ಹೊಸಬೇರು:

ಈಗ ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. 10,000ನಾ, 50,000ನಾ? ಮತ್ತೆ ತೆರಿಗೆಯ ಭಾಗ ಇದಕ್ಕೆ ಸಂಬಂಧವೇ ಇಲ್ಲವಾ?

ಲೆಕ್ಕದಕಡತ:

ಮೊದಲು ಬರೀ ವಿಮೆಯ ಲೆಕ್ಕ, ಕೋ-ಪೇ ಬದಿಗಿಟ್ಟು. ದೊಡ್ಡ ಡಿಡಕ್ಟಿಬಲ್ ಆರಿಸಿದರೆ ವರ್ಷಕ್ಕೆ 6,000 ಉಳಿಯುತ್ತದೆ. ದೊಡ್ಡ ಬಿಲ್ ಬಂದ ವರ್ಷ 40,000 ಜಾಸ್ತಿ ಹೋಗುತ್ತದೆ. 40,000ವನ್ನು 6,000ದಿಂದ ಭಾಗಿಸಿದರೆ ಸುಮಾರು 6.7. ಏಳು ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪಕ್ಕೆ ಅಂಥ ಬಿಲ್ ಬರಬಹುದು ಅನ್ನಿಸಿದರೆ ದೊಡ್ಡ ಡಿಡಕ್ಟಿಬಲ್ ಲಾಭ. ಅದಕ್ಕಿಂತ ಬೇಗ ಬೇಗ ಬರಬಹುದು ಅನ್ನಿಸಿದರೆ ಚಿಕ್ಕದು ಲಾಭ.

ಆದರೆ ಈ ಭಾಗಾಕಾರಕ್ಕಿಂತ ಮುಂಚೆ ಒಂದು ಪ್ರಶ್ನೆ: ಇವತ್ತೇ 50,000 ಬೇಕಾದರೆ ಸಾಲ ಮಾಡದೆ ತೆಗೆಯಬಲ್ಲಿರಾ? ಆಗುವುದಿಲ್ಲ ಅಂದರೆ ಲೆಕ್ಕ ಅಲ್ಲಿಗೇ ಮುಗಿಯಿತು, ಚಿಕ್ಕ ಡಿಡಕ್ಟಿಬಲ್ ತೆಗೆದುಕೊಳ್ಳಿ.

ನೀಲಿಶಾಯಿ:

ಆ ಪ್ರಶ್ನೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಪಾಲಿಸಿ ಇದ್ದೂ ದಾಖಲಾಗಲು ಹಿಂದೇಟು ಹಾಕುವವರನ್ನು ನೋಡಿದ್ದೇನೆ. ಮೊದಲ ಕಂತಿಗೆ ಹಣ ಇರುವುದಿಲ್ಲ. ಡಿಡಕ್ಟಿಬಲ್‌ನಷ್ಟು ಹಣ ಬೇರೆ ತೆಗೆದಿಟ್ಟಿದ್ದರೆ ಮಾತ್ರ ಆ ಪಾಲಿಸಿ ನಿಮಗೆ ಕೆಲಸಕ್ಕೆ ಬರುತ್ತದೆ. ಪ್ರೀಮಿಯಮ್ಮಿನಲ್ಲಿ ಉಳಿಯುವ 6,000ವನ್ನು ಖರ್ಚು ಮಾಡದೆ ಅದಕ್ಕೇ ಸೇರಿಸುತ್ತಾ ಹೋಗಿ.

ಕಂದಾಯಚೀಟಿ:

ತೆರಿಗೆ ಸೇರಿಕೊಂಡರೆ ಆ 6.7 ಬದಲಾಗುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ.

ಪ್ರೀಮಿಯಂ ನಿಮಗೆ ತೆರಿಗೆಯಲ್ಲಿ ಕಳೆಯಲು ಬರುತ್ತದೆ, ನಿಮ್ಮ ಸ್ಲ್ಯಾಬ್ 20% ಅನ್ನಿ. ಆಗ ಚಿಕ್ಕ ಡಿಡಕ್ಟಿಬಲ್ ಪಾಲಿಸಿಗೆ ಜಾಸ್ತಿ ಕಟ್ಟುವ 6,000ದಲ್ಲಿ 1,200 ತೆರಿಗೆಯಲ್ಲಿ ವಾಪಸ್ ಬಂದಂತೆ. ನಿಜವಾದ ವ್ಯತ್ಯಾಸ 4,800. ಕೈಯಿಂದ ಕೊಡುವ 40,000ಕ್ಕೆ ಮಾತ್ರ ಹೆಚ್ಚಿನ ಕಡೆ ಅಂಥ ರಿಯಾಯಿತಿ ಇಲ್ಲ. 40,000ವನ್ನು 4,800ರಿಂದ ಭಾಗಿಸಿದರೆ 8.3. ಅಂದರೆ ದೊಡ್ಡ ಡಿಡಕ್ಟಿಬಲ್ ಗೆಲ್ಲಬೇಕಾದರೆ ಎಂಟು ವರ್ಷಕ್ಕೂ ಜಾಸ್ತಿ ಬೇಕು. ಪ್ರೀಮಿಯಮ್ಮಿಗೆ ವಿನಾಯಿತಿ ಕೊಟ್ಟು ಕೈಯಿಂದ ಕೊಡುವ ಖರ್ಚಿಗೆ ಕೊಡದಿದ್ದಾಗ, ಕಾನೂನೇ ಜನರನ್ನು ಚಿಕ್ಕ ಡಿಡಕ್ಟಿಬಲ್ ಕಡೆಗೆ ತಳ್ಳುತ್ತದೆ.

ಅಮೆರಿಕ ಇದನ್ನು ಸರಿದೂಗಿಸಲು ಒಂದು ದಾರಿ ಮಾಡಿತು. 2003ರ ಕಾನೂನಿನಿಂದ ಆರೋಗ್ಯ ಉಳಿತಾಯ ಖಾತೆ ಬಂತು, 2004ರಿಂದ ಜಾರಿಯಾಯಿತು. ದೊಡ್ಡ ಡಿಡಕ್ಟಿಬಲ್ ಇರುವ ಅರ್ಹ ಪಾಲಿಸಿ ತೆಗೆದುಕೊಂಡವರು ಆ ಖಾತೆಗೆ ಮಿತಿಯೊಳಗೆ ಹಾಕುವ ಹಣವನ್ನು ಆದಾಯದಿಂದ ಕಳೆಯಬಹುದು. ಅದನ್ನು ಚಿಕಿತ್ಸೆಗೆ ಬಳಸಿದರೆ ಮತ್ತೆ ತೆರಿಗೆ ಇಲ್ಲ. ಅಂದರೆ ವಿಮೆಯ ಡಿಡಕ್ಟಿಬಲ್ಲನ್ನು ತೆರಿಗೆಯ ಡಿಡಕ್ಷನ್ನಿನ ಹಣದಿಂದಲೇ ಕಟ್ಟಬಹುದು.

ಅದೇ ದೇಶದ ತೆರಿಗೆ ನಿಯಮದೊಳಗೆ ವಿಮೆಯ ಥರದ ಡಿಡಕ್ಟಿಬಲ್ ಕೂಡ ಅಡಗಿದೆ. ಖರ್ಚುಗಳನ್ನು ಒಂದೊಂದಾಗಿ ತೋರಿಸುವವರು, ವಿಮೆ ಕೊಡದ ವೈದ್ಯಕೀಯ ಖರ್ಚನ್ನು ಆದಾಯದಿಂದ ಕಳೆಯಬಹುದು. ಆದರೆ ಹೊಂದಿಸಿದ ಒಟ್ಟು ಆದಾಯದ (ಕೆಲವು ನಿಗದಿತ ಕಡಿತಗಳ ನಂತರ ಉಳಿಯುವ ಆದಾಯದ) 7.5% ದಾಟಿದ ಭಾಗವನ್ನು ಮಾತ್ರ. ಆದಾಯ 1,00,000 ಡಾಲರ್, ಖರ್ಚು 10,000 ಇದ್ದರೆ ಮೊದಲ 7,500 ಲೆಕ್ಕಕ್ಕಿಲ್ಲ, 2,500 ಮಾತ್ರ ಕಳೆಯಬಹುದು. 22% ಸ್ಲ್ಯಾಬಿನಲ್ಲಿ ಅದರ ಬೆಲೆ 550 ಡಾಲರ್.

ಭಾರತದವರಿಗೆ: ಆದಾಯ ತೆರಿಗೆ ಕಾನೂನಿನ ಪ್ರಕಾರ ಆರೋಗ್ಯ ವಿಮೆಯ ಪ್ರೀಮಿಯಂ ಕಳೆಯುವ ಅವಕಾಶ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ತಮಗೆ ಮತ್ತು ಕುಟುಂಬಕ್ಕೆ 25,000ದವರೆಗೆ, ಹಿರಿಯ ನಾಗರಿಕರಿದ್ದರೆ 50,000ದವರೆಗೆ. ಹೊಸ ಪದ್ಧತಿಯಲ್ಲಿ ಇದು ಇಲ್ಲ. ಅಲ್ಲಿ ಸಂಬಳದಾರರಿಗೆ 2024-25ನೇ ಹಣಕಾಸು ವರ್ಷದಿಂದ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, ಯಾವ ಬಿಲ್ಲೂ ತೋರಿಸಬೇಕಿಲ್ಲ. ಹಾಗಾಗಿ ಹೊಸ ಪದ್ಧತಿಯಲ್ಲಿರುವವರಿಗೆ ಪ್ರೀಮಿಯಂ ವ್ಯತ್ಯಾಸ ಪೂರ್ತಿ 6,000ವೇ, 6.7ರ ಲೆಕ್ಕವೇ ಸರಿ. ಪಾಲಿಸಿ ಕಾಗದದಲ್ಲಿ "ತೆರಿಗೆಗೆ ಡಿಡಕ್ಟಿಬಲ್" ಅಂತ ಇದ್ದ ಮಾತ್ರಕ್ಕೆ ಅದು ನಿಮಗೆ ಸಿಗುತ್ತದೆ ಅಂತಲ್ಲ. ನೀವು ಯಾವ ಪದ್ಧತಿಯಲ್ಲಿದ್ದೀರಿ ನೋಡಿ.

ಹೊಸಬೇರು:

ನಾನು ಹೊಸ ಪದ್ಧತಿಯಲ್ಲಿದ್ದೇನೆ. ಹಾಗಾದರೆ ಆ ಸಾಲು ನನಗೆ ಅನ್ವಯಿಸುವುದೇ ಇಲ್ಲ. 50,000 ಬೇರೆ ಖಾತೆಯಲ್ಲಿದೆ, ಅದನ್ನು ಮುಟ್ಟದೆ ಇಡಬಲ್ಲೆ. ಮನೆಯಲ್ಲಿ ಯಾರಿಗೂ ಪದೇ ಪದೇ ದಾಖಲಾಗುವ ಕಾಯಿಲೆ ಇಲ್ಲ. ಡಿಡಕ್ಟಿಬಲ್ ವರ್ಷದ ಒಟ್ಟು ಮೊತ್ತದ ಮೇಲೆ ಅಂತ ಪಾಲಿಸಿಯಲ್ಲಿ ಸ್ಪಷ್ಟವಾಗಿದ್ದರೆ ಎರಡನೆಯದನ್ನೇ ಆರಿಸುತ್ತೇನೆ.

ಸಹಿ ಹಾಕುವ ಮುಂಚೆ ಕೊನೆಯದಾಗಿ ನೋಡಬೇಕಾದ್ದು ಏನಾದರೂ ಇದೆಯಾ?

ಸರಕುಹಡಗು:

ಒಂದಿದೆ. ಬಿಲ್ ವಿಮಾ ಮೊತ್ತವನ್ನೂ ದಾಟಿದರೆ ಡಿಡಕ್ಟಿಬಲ್ ಎಲ್ಲಿಂದ ಕಳೆಯುತ್ತಾರೆ ಅಂತ ಕೇಳಿ. ವಿಮಾ ಮೊತ್ತ 10 ಲಕ್ಷ, ಡಿಡಕ್ಟಿಬಲ್ 50,000, ಬಿಲ್ 12 ಲಕ್ಷ ಅನ್ನಿ. ಬಿಲ್ಲಿನಿಂದ ಕಳೆದರೆ 11.5 ಲಕ್ಷ ಉಳಿಯುತ್ತದೆ, ಕಂಪನಿ ತನ್ನ ಮಿತಿಯಷ್ಟು, ಅಂದರೆ ಪೂರ್ತಿ 10 ಲಕ್ಷ ಕೊಡುತ್ತದೆ. ವಿಮಾ ಮೊತ್ತದಿಂದಲೇ ಕಳೆದರೆ ಸಿಗುವುದು 9.5 ಲಕ್ಷ. ಪಾಲಿಸಿಯ ಪೂರ್ತಿ ಷರತ್ತುಗಳ ಪ್ರತಿಯಲ್ಲಿ ಈ ಸಾಲು ಇರುತ್ತದೆ, ಮಾರಾಟದ ಕರಪತ್ರದಲ್ಲಿ ಹುಡುಕಬೇಡಿ. ಸ್ಪಷ್ಟವಾಗಿ ಕಾಣದಿದ್ದರೆ ಇದೇ ಮೂರು ಅಂಕಿಗಳನ್ನು ಬರೆದು ಕಂಪನಿಗೆ ಇಮೇಲ್ ಮಾಡಿ, ಎಷ್ಟು ಕೊಡುತ್ತೀರಿ ಅಂತ ಕೇಳಿ. ಉತ್ತರವನ್ನು ಪಾಲಿಸಿಯ ಜೊತೆಯಲ್ಲೇ ಇಟ್ಟುಕೊಳ್ಳಿ.